ದೊಡ್ಡಮ್ಮ ಏಳದ ಭಾನುವಾರಗಳು

ಇವತ್ತು ಬೆಳಿಗ್ಗೆ ಅರೆಕೆರೆಯ ಒಂದು ಬೇಕರಿಯ ಮುಂದಿನ ಬೆಂಚಿನ ಮೇಲೆ ಖಾಲಿ ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದೆ. ಬಕೆಟ್ಟಿನಲ್ಲಿದ್ದ ಹಿಟ್ಟು ತಟ್ಟೆಗಳಿಗೆ ಇಳಿದು ಒಳಗೆ ಒಲೆ ಸೇರಿತ್ತು. ಹಿಂದಿನ ಬಾಗಿಲು ತೆರೆದಾಗಲೆಲ್ಲ ಲವಂಗ, ಕಿತ್ತಳೆ ಸಿಪ್ಪೆ ಮತ್ತು ಕರಗಿಸಿದ ಸಕ್ಕರೆಯ ವಾಸನೆ ಹೊರಗೆ ಬಂದು, ಬನ್ನೇರುಘಟ್ಟ ರಸ್ತೆಯ ಧೂಳಿನ ಜೊತೆ ಒಂದು ಕ್ಷಣ ಜಗಳವಾಡಿ ಸೋಲುತ್ತಿತ್ತು. ಈ ವಾಸನೆ ಬಂದರೆ ಬೇರೆಯವರಿಗೆ ಕ್ರಿಸ್ಮಸ್ ನೆನಪಾಗುತ್ತದೆ. ನನಗೆ ಚರ್ಚಿನಲ್ಲಿ ಎಲ್ಲರೂ ಎದ್ದು ಮುಂದೆ ಹೋದಾಗ ನನ್ನ ದೊಡ್ಡಮ್ಮ ಒಬ್ಬರೇ ಕೂತಿದ್ದದ್ದು ನೆನಪಾಗುತ್ತದೆ.

ಬಕೆಟ್ಟಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಬೇಕರಿಗೆ ಹಾಲು ಹಾಕುವವನು ಎಂದುಕೊಂಡೀರಿ. ನಮ್ಮ ಕ್ರೈಸ್ತರ ಮನೆಗಳಲ್ಲಿ ಹಿಂದೆ ಒವನ್ ಇರುತ್ತಿದ್ದದ್ದು ಕಡಿಮೆ. ಡಿಸೆಂಬರ್ ಬಂತೆಂದರೆ ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಬಕೆಟ್ಟಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಹತ್ತಿರದ ಬೇಕರಿಗೆ ಒಯ್ಯುವುದು ವಾಡಿಕೆ. ಅವರ ಬ್ರೆಡ್ಡು ಬನ್ನು ಬೆಂದು ಒಲೆ ಖಾಲಿಯಾದ ಮೇಲೆ ನಮ್ಮದನ್ನು ಒಳಗೆ ಇಡುತ್ತಾರೆ. ಈಗ ಎಲ್ಲರ ಅಡುಗೆಮನೆಯಲ್ಲೂ ಒವನ್ ಬಂದಿದೆ. ಆದರೂ ಹಟ ಬಿಡದ ಕೆಲವರಿದ್ದಾರೆ. ನಮ್ಮ ಚರ್ಚಿನ ಸಭೆಯ ಹೇಮಾ ಆಂಟಿ ಅಂಥವರಲ್ಲೊಬ್ಬರು. ಅವರಿಗೀಗ ಮೆಟ್ಟಿಲಿಳಿಯಲು ಮಂಡಿ ಬಿಡುವುದಿಲ್ಲ. ಆದ್ದರಿಂದ ಹಿಟ್ಟು ಅವರದು, ಹೊರುವುದು ನನ್ನದು.

ಹಾಗೆ ಕೂತಿದ್ದಾಗಲೇ ನಮ್ಮ ಪಾಸ್ಟರ್ ಫೋನ್ ಮಾಡಿದರು. ಮೊದಲ ಸಲ ಕರ್ತನ ಭೋಜನಕ್ಕೆ ಸೇರಲಿರುವ ಹುಡುಗ ಹುಡುಗಿಯರು ಸಂಜೆ ಚರ್ಚಿಗೆ ಬರುತ್ತಾರಂತೆ. ಕರ್ತನ ಭೋಜನ ಎಂದರೆ ತಿಂಗಳಿಗೊಮ್ಮೆ ಆರಾಧನೆಯ ಕೊನೆಗೆ ಎಲ್ಲರೂ ಸಾಲಾಗಿ ಮುಂದೆ ಹೋಗಿ, ಮಂಡಿಯೂರಿ, ಒಂದು ತುಣುಕು ರೊಟ್ಟಿ ಮತ್ತು ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವುದು. ಮಕ್ಕಳಿಗೆ ಪಾಠವೆಲ್ಲ ಮುಗಿದಿದೆ, ಬಾಯಿಪಾಠವೂ ಒಪ್ಪಿಸಿದ್ದಾರೆ. "ಆದ್ರೂ ಅವರ ವಿಶ್ವಾಸ ನಿಜವಾದದ್ದಾ ಅಂತ ಹಿರಿಯರು ನೀವೊಂದ್ಸಲ ಮಾತಾಡಿ ನೋಡ್ಬಿಟ್ರೆ ನನಗೆ ಧೈರ್ಯ ಬ್ರದರ್" ಎಂದರು. ಸಿಲಿಂಡರ್ ಲೀಕ್ ಆಗುತ್ತಿದೆಯಾ ನೋಡಿಬಿಡಿ ಎನ್ನುವಷ್ಟು ಸಹಜವಾಗಿತ್ತು ಅವರ ದನಿ. ನಾನೂ ಅಷ್ಟೇ ಸಹಜವಾಗಿ ಆಯ್ತು ಎಂದೆ.

ಈ ಕೆಲಸಕ್ಕೆ ನನ್ನನ್ನೇ ಏಕೆ ಆರಿಸಿದರು ಎಂಬುದಕ್ಕೆ ಒಂದೇ ಕಾರಣ, ನನ್ನ ದನಿ. ನಾನು ಪ್ರಾರ್ಥನೆ ಚೆನ್ನಾಗಿ ಮಾಡುತ್ತೇನೆ. ಗೃಹಪ್ರವೇಶ, ಹುಟ್ಟುಹಬ್ಬ, ಆಸ್ಪತ್ರೆ, ಹೊಸ ಕಾರು, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ತಡೆದು ನಿಲ್ಲಬೇಕು, ಎಷ್ಟು ಹೊತ್ತು ನಿಂತರೆ ಹಿಂದಿನಿಂದ ಯಾರಾದರೂ ಮೂಗೊರೆಸಿಕೊಳ್ಳುತ್ತಾರೆ ಎಂಬುದು ವರ್ಷಗಳ ಅಭ್ಯಾಸದಿಂದ ತಿಳಿದಿದೆ. ಅವರು ಮೂಗೊರೆಸಿಕೊಳ್ಳುವಾಗ ನಾನು ಸಾಮಾನ್ಯವಾಗಿ ಗೀಸರ್ ಆಫ್ ಮಾಡಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಆಮೇಲೆ ಮನೆಯವರು ಕೈ ಹಿಡಿದು, ಬ್ರದರ್, ಇವತ್ತು ದೇವರೇ ನಿಮ್ಮ ಬಾಯಲ್ಲಿ ಮಾತಾಡಿದರು ಎನ್ನುತ್ತಾರೆ. ಗೀಸರಿನ ವಿಷಯ ನಾನು ಎತ್ತುವುದಿಲ್ಲ.

ವಿಶ್ವಾಸವನ್ನು ಪರೀಕ್ಷಿಸುವ ಕೆಲಸಕ್ಕೆ ನಿಜವಾಗಿ ತಕ್ಕವರು ಒಬ್ಬರೇ ಇದ್ದರು, ನನ್ನ ತಾಯಿಯ ಅಕ್ಕ, ಸುಗುಣ ದೊಡ್ಡಮ್ಮ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ದೊಡ್ಡಪ್ಪ ತೀರಿಹೋದ ಮೇಲೆ ಜಯನಗರದ ಒಂದು ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಶಾಲೆಯವರು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರೂ ಅಂಕ ಕೊಡುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ತಿದ್ದಲು ಉತ್ತರ ಪತ್ರಿಕೆಗಳಿಲ್ಲದೆ ಅವರು ನಮ್ಮ ಸಭೆಯ ಜನರನ್ನು ತಿದ್ದತೊಡಗಿದರು.

ಅವರು ಕೂರುತ್ತಿದ್ದದ್ದು ಚರ್ಚಿನ ಕೊನೆಯ ಬೆಂಚಿನಲ್ಲಿ. ವಯಸ್ಸಾದವರು ಮುಂದೆ ಬನ್ನಿ ಎಂದು ಪಾಸ್ಟರ್ ಎಷ್ಟು ಕರೆದರೂ ಏಳುತ್ತಿರಲಿಲ್ಲ. ಪರೀಕ್ಷೆ ನಡೆಸುವವರು ಹಿಂದೆ ಇರಬೇಕು, ಮುಂದೆ ನಿಂತರೆ ಕಾಪಿ ಹೊಡೆಯುವವರು ಎಚ್ಚರವಾಗಿಬಿಡುತ್ತಾರೆ ಎಂದು ನನಗೆ ಗುಟ್ಟಾಗಿ ಹೇಳಿದ್ದರು. ಪ್ರಾರ್ಥನೆಯ ವೇಳೆ ಯಾರು ಕಣ್ಣು ಮುಚ್ಚಿಲ್ಲ ಎಂಬುದು ಅವರಿಗೆ ನಿಖರವಾಗಿ ತಿಳಿದಿರುತ್ತಿತ್ತು. ಅದು ಹೇಗೆ ತಿಳಿಯುತ್ತಿತ್ತು ಎಂದು ನಾನು ಕೇಳಲಿಲ್ಲ.

ನಾನಾಗ ಜೆ.ಪಿ. ನಗರದಲ್ಲಿದ್ದೆ. ಭಾನುವಾರ ಅವರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿಗೆ ಬಂದಿತ್ತು. ವಾಪಸು ಬರುವಾಗ ಹಿಂದಿನ ಸೀಟಿನಿಂದ ಫಲಿತಾಂಶ ಪ್ರಕಟವಾಗುತ್ತಿತ್ತು. ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಸಾಕ್ಷಿ ಹೇಳುತ್ತಾ ಬೇಗ ಅಳುವವರಿಗೆ ಅಂಕ ಕಡಿಮೆ. ತಡವಾಗಿ ಬಂದು ಮುಂದಿನ ಬೆಂಚಿಗೇ ಹೋಗುವವರಿಗೆ ಇನ್ನೂ ಕಡಿಮೆ. ಹಾಡಿನ ಪುಸ್ತಕ ನೋಡದೆ ಸೂರು ನೋಡಿಕೊಂಡು ಹಾಡುವವರ ಮೇಲೆ ಅನುಮಾನ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಚರ್ಚಿನ ಬಾಗಿಲಿನಿಂದ ಗೇಟಿನವರೆಗಿನ ದಾರಿಯಲ್ಲಿ. ಕೊನೆಯ ಆಮೆನ್ ಆದ ಮೇಲೆ ಯಾರ ಮುಖ ಎಲ್ಲಿ ಬದಲಾಗುತ್ತದೆ, ಆಟೋದವನ ಜೊತೆ ಯಾರು ಯಾವ ದನಿಯಲ್ಲಿ ಮಾತಾಡುತ್ತಾರೆ ಎಂದು ಅವರು ಹೊಂಗೆ ಮರದ ಕೆಳಗೆ ನಿಂತು ಗಮನಿಸುತ್ತಿದ್ದರು. ಹೆಚ್ಚಿನವರ ವಿಶ್ವಾಸ ಚಪ್ಪಲಿ ಬಿಟ್ಟ ಜಾಗದ ತನಕ ಬರುತ್ತದೆ, ಗೇಟು ದಾಟುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಒಂದು ದಿನ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ತಮಾಷೆಗೆ ಎನ್ನುವಂತೆ ಕೇಳಿದೆ. "ನಂದು ಹೇಗೆ ದೊಡ್ಡಮ್ಮ?"

"ನೀನು ಸ್ಕೂಟರ್ ಓಡಿಸು" ಎಂದರು.

ನಾನು ನಕ್ಕೆ. ಆದರೆ ಆ ಪ್ರಶ್ನೆ ತಮಾಷೆಯದಾಗಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಪ್ರಾರ್ಥನೆಗೆ ಹೆಸರು ಬಂದಿತ್ತು. ಹೆಸರು ಬಂದಷ್ಟೂ ಒಳಗೆ ಏನಾದರೂ ಇದೆಯೋ, ಬರೀ ದನಿಯೋ ಎಂಬ ಸಂಶಯ ಹೆಚ್ಚಾಗುತ್ತಿತ್ತು. ಯಾರಾದರೂ ಬಲ್ಲವರು ನೋಡಿ, ಇದೆ ಕಣಪ್ಪ ಎಂದಿದ್ದರೆ ನೆಮ್ಮದಿಯಾಗುತ್ತಿತ್ತು. ಇಲ್ಲ ಎಂದಿದ್ದರೂ ಬೇರೆ ಥರದ ನೆಮ್ಮದಿ. ಅವರು ಎರಡನ್ನೂ ಹೇಳಲಿಲ್ಲ, ಸಿಗ್ನಲ್ಲು ಹಸಿರಾಯಿತು.

ಇನ್ನು ಕೇಕಿನ ವಿಷಯ. ನಮ್ಮ ಸಭೆಯ ಸ್ತ್ರೀಯರ ಕೂಟದವರು ಕ್ರಿಸ್ಮಸ್ಸಿಗೆ ಮುಂಚೆ ಚರ್ಚಿನ ಅಂಗಳದಲ್ಲಿ ತಿಂಡಿ ತಿನಿಸಿನ ಮೇಜು ಹಾಕುತ್ತಾರೆ. ಎಲ್ಲವೂ ಮನೆಯಲ್ಲೇ ಮಾಡಿದ್ದು ಎಂಬ ಬೋರ್ಡು ಇರುತ್ತದೆ. ಆ ವರ್ಷ ಹೇಮಾ ಆಂಟಿಯೂ ಕೇಕು ತಂದಿದ್ದರು. ಧಾರವಾಡದ ಕಡೆಯವರು, ಗಂಡನ ಕೆಲಸದ ಮೇಲೆ ಬಂದು ಅರೆಕೆರೆಯಲ್ಲಿ ಬಾಡಿಗೆಗಿದ್ದರು. ಸಭೆಗೆ ಆಗಿನ್ನೂ ಹೊಸಬರು. ಹಿಂದಿನ ದಿನ ದೊಡ್ಡಮ್ಮ ಆಟೋದಲ್ಲಿ ಅರೆಕೆರೆಯ ಮೇಲೆ ಹಾದು ಬರುವಾಗ ಹೇಮಾ ಆಂಟಿ ಬೇಕರಿಯಿಂದ ಕೇಕು ಹಿಡಿದು ಹೊರಗೆ ಬರುವುದನ್ನು ಕಂಡಿದ್ದರು. ಮೇಜಿನ ಮುಂದೆ ನಿಂತು, ತರಗತಿಯ ಕೊನೆಯ ಸಾಲಿಗೂ ಕೇಳಿಸುವ ದನಿಯಲ್ಲಿ, ಇದು ಬೇಕರಿ ಕೇಕು, ನಾನೇ ಕಣ್ಣಾರೆ ನೋಡಿದ್ದೀನಿ, ಬೋರ್ಡಿನಲ್ಲಿ ಬರೆದಿದ್ದಾದರೂ ನಿಜ ಇರಲಿ ಎಂದರು. ಹೇಮಾ ಆಂಟಿ ತಟ್ಟೆಗಳ ಮೇಲೆ ಬಟ್ಟೆ ಮುಚ್ಚಿಕೊಂಡು ಮನೆಗೆ ಹೋದರು.

ಬೇಕರಿಗೆ ಹಿಟ್ಟು ಒಯ್ಯುವ ವಾಡಿಕೆ ದೊಡ್ಡಮ್ಮನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಚೆನ್ನಾಗಿ ಗೊತ್ತಿತ್ತು, ಅವರ ತಾಯಿಯೇ ಒಯ್ಯುತ್ತಿದ್ದರು. ಆದರೆ ದೊಡ್ಡಮ್ಮನ ಬಳಿ ಅಲ್ಯೂಮಿನಿಯಮ್ಮಿನ ದುಂಡನೆಯ ಕರೆಂಟ್ ಒವನ್ ಬಂದು ಬಹಳ ವರ್ಷಗಳಾಗಿದ್ದವು. ತಮ್ಮ ಮನೆಯಲ್ಲಿ ನಿಂತ ವಾಡಿಕೆ ಊರಲ್ಲೂ ನಿಂತಿದೆ ಎಂದುಕೊಂಡಿದ್ದರು. ಇನ್ನೊಂದು ಕಾರಣವೂ ಇತ್ತು. ಹೇಮಾ ಆಂಟಿ ಮೊದಲ ಭಾನುವಾರವೇ ಬಹಳ ಸಿಹಿಯಾಗಿ ಸ್ತೋತ್ರ ಹೇಳಿದ್ದರಿಂದ ದೊಡ್ಡಮ್ಮ ಅವರಿಗೆ ಅವತ್ತೇ ಅಂಕ ಕೊಟ್ಟು ಮುಗಿಸಿದ್ದರು.

ಈಸ್ಟರಿನ ಹೊತ್ತಿಗೆ ಆ ದುಂಡನೆಯ ಒವನ್ನಿನ ಕಾಯಿಲ್ ಸುಟ್ಟುಹೋಯಿತು. ದೊಡ್ಡಮ್ಮ ಆಗಲೇ ಹಿಟ್ಟು ಕಲಸಿಟ್ಟಿದ್ದರು. ಹತ್ತಿರದ ಬೇಕರಿಗಳವರು ಹೊರಗಿನ ಹಿಟ್ಟು ತೆಗೆದುಕೊಳ್ಳುವುದಿಲ್ಲ ಎಂದರು. ಅರೆಕೆರೆಯಲ್ಲಿ ಒಬ್ಬರು ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿ, ನಾನೇ ಅವರನ್ನು ಅಲ್ಲಿಗೆ ಕರೆದೊಯ್ದೆ. ನೀವು ಇನ್ನೂ ಈ ಕೆಲಸ ಮಾಡುತ್ತೀರಾ ಎಂದು ದೊಡ್ಡಮ್ಮ ವಿಚಾರಿಸಿದಾಗ ಬೇಕರಿಯವರು ನಕ್ಕರು. "ಮಾಡ್ತೀವಿ ಮೇಡಂ. ಧಾರವಾಡದ ಒಬ್ರು ಆಂಟಿ ಕಳೆದ ಕ್ರಿಸ್ಮಸ್‌ಗೂ ಬಕೆಟ್‌ನಲ್ಲಿ ತಂದಿದ್ರು. ತಟ್ಟೆಗೆ ಬೆಣ್ಣೆ ಸವರೋಕೂ ನಮ್ಮನ್ನ ಬಿಡ್ಲಿಲ್ಲ." ವಾಪಸು ಬರುವಾಗ ಹಿಂದಿನ ಸೀಟಿನಿಂದ ಯಾವ ಫಲಿತಾಂಶವೂ ಬರಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿತ್ತು. ಎಲ್ಲರೂ ಸಾಲಾಗಿ ಎದ್ದರು. ದೊಡ್ಡಮ್ಮ ಏಳಲಿಲ್ಲ.

ನಮ್ಮಲ್ಲಿ ಒಂದು ಮಾತನ್ನು ಪ್ರತಿ ಸಲವೂ ಹೇಳುತ್ತಾರೆ. ಯಾರಿಗಾದರೂ ನಿಮ್ಮ ಮೇಲೆ ನೋವಿದ್ದರೆ ಮೊದಲು ಹೋಗಿ ಅವರ ಜೊತೆ ಸಮಾಧಾನ ಮಾಡಿಕೊಂಡು ಆಮೇಲೆ ಬನ್ನಿ ಎಂದು. ಬಸ್ಸಿನಲ್ಲಿ ಕೈ ತಲೆ ಹೊರಗೆ ಹಾಕಬೇಡಿ ಎಂದು ಬರೆದಿರುತ್ತದಲ್ಲ, ಅದನ್ನು ಓದುವ ಹಾಗೆ ನಾವೆಲ್ಲ ಅದನ್ನು ಕೇಳಿಸಿಕೊಂಡು ಎದ್ದು ಸಾಲಿಗೆ ಸೇರುತ್ತೇವೆ. ಅಣ್ಣ ತಮ್ಮಂದಿರು ಸೈಟಿನ ವಿಷಯಕ್ಕೆ ಕೋರ್ಟಿನಲ್ಲಿದ್ದುಕೊಂಡು ಒಂದೇ ಸಾಲಿನಲ್ಲಿ ಮಂಡಿಯೂರಿದ್ದನ್ನು ನಾನು ನೋಡಿದ್ದೇನೆ. ಆ ಮಾತನ್ನು ಕೇಳಿ ಯಾರಾದರೂ ನಿಜವಾಗಿ ಕೂತುಬಿಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಸಭೆಯಲ್ಲಿ ಮಾತು ಶುರುವಾಯಿತು. ದ್ರಾಕ್ಷಾರಸ ಸಿಹಿ, ಆಕೆಗೆ ಶುಗರ್ ಇರಬೇಕು ಎಂದರು ಕೆಲವರು. ಮಂಡಿಯೂರಲು ಆಗುತ್ತಿಲ್ಲ ಎಂದರು ಇನ್ನು ಕೆಲವರು. ಏನೋ ದೊಡ್ಡ ಪಾಪವೇ ಮಾಡಿರಬೇಕು ಎಂದೂ ಕೆಲವರು ಆಸೆಯಿಂದ ಹೇಳಿದರು. ದೊಡ್ಡಮ್ಮನ ಪಕ್ಕದ ಮನೆಯ ಪದ್ಮಾವತಮ್ಮ ಈ ಸುದ್ದಿ ಕೇಳಿ, ನನ್ನನ್ನು ಮನೆಯ ಗೇಟಿನ ಬಳಿ ನಿಲ್ಲಿಸಿ, ನಿಮ್ಮಲ್ಲೂ ಮಡಿ ಮೈಲಿಗೆ ಇದೆಯೇನಪ್ಪ ಎಂದು ಕೇಳಿದರು. ಇದೆ ಅನ್ನಿಸುತ್ತೆ ಎಂದೆ.

ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹೇಮಾ ಆಂಟಿಯ ಮನೆಗೆ ಹೋದರು. ಕ್ಷಮೆ ಕೇಳುವುದಕ್ಕೆ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಆದರೆ ಬಾಯಿ ತೆರೆಯುವಷ್ಟರಲ್ಲಿ ಹೇಮಾ ಆಂಟಿ ನಗುತ್ತಾ ತಡೆದರು. "ಏ, ಬಿಡ್ರಿ ಅಕ್ಕಾರ. ನನಗೇನೂ ಬ್ಯಾಸರ ಇಲ್ಲ. ಅವತ್ತ ಕರ್ತನ ಪಾದಕ್ಕ ಹಾಕಿಬಿಟ್ಟೀನ್ರಿ." ಆಮೇಲೆ ಚಹಾ, ಚೂಡಾ ಬಂದವು. ನಾವು ಚೂಡಾ ತಿಂದು ವಾಪಸು ಬಂದೆವು.

ಎರಡನೆಯ ಸಲ ಹೋದಾಗ ಚಹಾದ ಜೊತೆ ಪ್ರಾರ್ಥನೆಯೂ ಆಯಿತು. ಹೇಮಾ ಆಂಟಿ ಕಣ್ಣು ಮುಚ್ಚಿ, ನಮ್ಮ ಅಕ್ಕಾರ ಮನಸ್ಸಿನ ಭಾರ ಇಳಿಸಪ್ಪಾ, ಯಾರ್ಯಾರ ಬಗ್ಗೆ ಏನೇನು ಮಾತಾಡ್ಯಾರೋ ಎಲ್ಲಾ ಮನ್ನಿಸಪ್ಪಾ ಎಂದು ಬಹಳ ಇಂಪಾಗಿ, ಬಹಳ ಹೊತ್ತು ಬೇಡಿಕೊಂಡರು. ಒಬ್ಬ ಕಸಬುದಾರನಾಗಿ ನಾನು ಮೆಚ್ಚಿಕೊಂಡೆ. ಸ್ಕೂಟರ್ ಹತ್ತಿದ ಮೇಲೆ ದೊಡ್ಡಮ್ಮ ಹೇಳಿದ್ದು ಒಂದೇ ಮಾತು, ಅವಳು ನನಗೆ ಪ್ರಾರ್ಥನೆಯಲ್ಲೇ ಹೊಡೆದಳು ಕಣೋ ಎಂದು.

ಹೀಗೆ ಒಂದು ಗಂಟು ಬಿತ್ತು. ದೊಡ್ಡಮ್ಮ ತಪ್ಪು ಒಪ್ಪಿಕೊಳ್ಳಲು ತಯಾರಿದ್ದರು, ಆದರೆ ನೋವಾಗಿದೆ ಎಂದು ಹೇಳುವವರಿಲ್ಲ. ನೋವೇ ಇಲ್ಲ ಎನ್ನುವವರ ಬಳಿ ಕ್ಷಮೆ ಕೇಳುವುದು ಹೇಗೆ? ಹೇಮಾ ಆಂಟಿ ಭೋಜನದ ಪ್ರತಿ ಭಾನುವಾರ, ಸಾಲು ಏಳುವ ಮುಂಚೆ ಎಲ್ಲರೂ ಪರಸ್ಪರ ಸಮಾಧಾನ ಹೇಳುವ ಹೊತ್ತಿಗೆ ಬೇಕೆಂದೇ ಕೊನೆಯ ಬೆಂಚಿನವರೆಗೆ ಬಂದು, ದೊಡ್ಡಮ್ಮನಿಗೆ ಕೈಮುಗಿದು, ನಕ್ಕು, ಹೋಗಿ ಕರ್ತನ ಭೋಜನ ತೆಗೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಕೂತೇ ಇರುತ್ತಿದ್ದರು. ಅವರೇ ಬೇಡ ಅಂದಮೇಲೆ ಮುಗಿಯಿತಲ್ಲ, ನೀವು ಹೋಗಿ ತೆಗೆದುಕೊಳ್ಳಿ ಎಂದು ನಾನೂ ಹೇಳಿ ನೋಡಿದೆ. ಲೆಕ್ಕ ತಾಳೆಯಾಗದೆ ಉತ್ತರ ಮಾತ್ರ ಬರೆದರೆ ಅಂಕ ಬರುವುದಿಲ್ಲ ಎಂದರು.

ಆ ವರ್ಷ ಮಳೆ ಹಿಡಿದಿದ್ದಾಗ ದೊಡ್ಡಮ್ಮನಿಗೆ ಎದೆ ನೋವು ಬಂತು. ಹೃದಯ ದುರ್ಬಲವಾಗಿದೆ ಎಂದರು ಡಾಕ್ಟರು. ಮನೆಗೆ ಕರೆತಂದು ಮಂಚದ ಮೇಲೆ ಕೂರಿಸಿದಾಗ ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಹೀಗೇ ಹೋಗ್ಬಿಟ್ರೆ ಏನೋ ಮಾಡೋದು? ನಿಮ್ಮ ದೊಡ್ಡಪ್ಪ ಹೋದ್ಮೇಲೆ ನಾನು ಜನರ ಜೊತೆ ಸೇರಿ ತಿನ್ನೋದು ಅಂತ ಇದ್ದಿದ್ದು ಅದೊಂದೇ ತುತ್ತು ಕಣೋ."

ಆ ತುತ್ತನ್ನು ನಾನು ಪ್ರತಿ ತಿಂಗಳೂ ಮಧ್ಯಾಹ್ನದ ಬಿರಿಯಾನಿಯ ಯೋಚನೆಯಲ್ಲಿ ನುಂಗುತ್ತಿದ್ದೆ. ಅದನ್ನು ತಿನ್ನದೆ ಕೂತಿದ್ದ ಈ ಹೆಂಗಸಿಗೆ ಅದರ ಮೇಲೆ ಇದ್ದ ಹಸಿವನ್ನು ಕಂಡು ಹೊಟ್ಟೆಕಿಚ್ಚಾಯಿತು, ಜೊತೆಗೆ ಭಯವೂ ಆಯಿತು. ದೇವರ ವಿಷಯದಲ್ಲಿ ನನಗೆ ನಿಜವಾಗಿ ಭಯವಾದದ್ದು ಅದೇ ಮೊದಲು ಎಂದು ಕಾಣುತ್ತದೆ.

ಡಿಸೆಂಬರ್ ಬಂತು. ದೊಡ್ಡಮ್ಮ ಹಿಟ್ಟು ಕಲಸಿ ಬಕೆಟ್ಟಿಗೆ ತುಂಬಿ ನನ್ನನ್ನು ಕರೆದರು. ಒವನ್ ರಿಪೇರಿಯಾಗಿದೆಯಲ್ಲ ಎಂದೆ. ಆಗಿದೆ, ಹಾಗಂತ ಬೇಕರಿಗೆ ಹೋಗಬಾರದಾ ಎಂದರು. ಬಕೆಟ್ಟನ್ನು ಪಾದಗಳ ನಡುವೆ ಇಟ್ಟುಕೊಂಡು, ಬನ್ನೇರುಘಟ್ಟ ರಸ್ತೆಯ ಒಂದೊಂದು ಹಳ್ಳಕ್ಕೂ ಕ್ಷಮೆ ಕೇಳುತ್ತಾ ಅರೆಕೆರೆ ಮುಟ್ಟಿದೆ. ದೊಡ್ಡಮ್ಮ ಹೇಮಾ ಆಂಟಿಯ ಮನೆಯ ಕೆಳಗೆ ನಿಂತು, ನಿಮ್ಮ ಬೇಕರಿಗೆ ನನ್ನನ್ನು ಕರೆದುಕೊಂಡು ಹೋಗಿ ಎಂದು ಕೂಗಿ ಕೇಳಿದರು. ಹೇಮಾ ಆಂಟಿ ಎಂದಿನಂತೆ ನಗುತ್ತಾ ಇಳಿದು ಬಂದರು.

ಬೇಕರಿಯವರು ಹಿಟ್ಟನ್ನು ಒಳಗೆ ಕಳಿಸಿ, ಹೇಮಾ ಆಂಟಿಯನ್ನು ನೋಡಿ ಕೇಳಿದರು. "ಆಂಟಿ, ಈ ವರ್ಷ ನಿಮ್ಮ ಬಕೆಟ್ ಎಲ್ಲಿ? ಬರಲೇ ಇಲ್ವಲ್ಲ."

ನಾವು ಮೂವರೂ ಇವತ್ತು ನಾನು ಕೂತಿದ್ದ ಬೆಂಚಿನ ಮೇಲೇ ಕೂತಿದ್ದೆವು. ಯಾಕೆ ಮಾಡಲಿಲ್ಲ ಹೇಮಾ ಎಂದು ದೊಡ್ಡಮ್ಮ ಮೆಲ್ಲಗೆ ಕೇಳಿದರು. ಏನಿಲ್ರಿ, ಸ್ವಲ್ಪ ಮಂಡಿ ಎಂದು ಶುರುಮಾಡಿದ ಹೇಮಾ ಆಂಟಿ ಅಲ್ಲಿಗೇ ನಿಂತರು. ಮುಖದ ಮೇಲಿನ ನಗು ಇಳಿಯಿತು. ಅದಿಲ್ಲದೆ ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಸಿಟ್ಟೈತ್ರಿ ಅಕ್ಕಾರ" ಎಂದರು. "ಭಾಳ ಸಿಟ್ಟೈತಿ. ದ್ರಾಕ್ಷಿ ಗೋಡಂಬಿ ತಂದಿಟ್ಟಿದ್ದೆ. ಹಿಟ್ಟು ಕಲಸಾಕ ಕೈನೇ ಬರಲಿಲ್ಲ. ಕರ್ತನ ಪಾದಕ್ಕ ಹಾಕೀನಿ ಅಂತ ನಿಮಗ ಹೇಳಿದ್ನಲ್ಲ, ಹಾಕಿಲ್ರಿ. ಇಲ್ಲೇ ಇಟ್ಕೊಂಡೀನಿ."

ಎದೆಯ ಮೇಲೆ ಕೈಯಿಟ್ಟುಕೊಂಡು ಅತ್ತರು. ಬೇಕರಿಗೆ ಬಂದಿದ್ದವರು ಪಫ್ಫು ತಿನ್ನುವುದನ್ನು ನಿಲ್ಲಿಸಿ ನೋಡಿದರು.

ದೊಡ್ಡಮ್ಮ ದೊಡ್ಡದಾಗಿ ಉಸಿರು ಬಿಟ್ಟರು. "ಸದ್ಯ" ಎಂದರು. ನಲ್ಲಿಯಲ್ಲಿ ಅಂತೂ ನೀರು ಬಂತು ಎಂದಾಗ ಹೇಳುವಂತಿತ್ತು ಅದು. "ಈಗ ಕೇಳ್ತೀನಿ ಹೇಮಾ. ನಾನು ವಿಚಾರಿಸದೆ ಎಲ್ಲರ ಮುಂದೆ ನಿಮ್ಮನ್ನ ಸುಳ್ಳಿ ಮಾಡಿದೆ. ನನ್ನನ್ನ ಕ್ಷಮಿಸಿ."

"ಇವತ್ತ ಆಗೂದಿಲ್ರಿ."

"ಆಗದೆ ಇರಲಿ. ನಾನು ಕಾಯ್ತೀನಿ."

ಅಷ್ಟರಲ್ಲಿ ಕೇಕಿನ ಮೇಲ್ಭಾಗ ಸೀದುಹೋಗಿತ್ತು. ಬೇಕರಿಯವರು ಕರೆದದ್ದು ನಮಗೆ ಯಾರಿಗೂ ಕೇಳಿಸಿರಲಿಲ್ಲ. ಮುಂದಿನ ಸ್ತ್ರೀಯರ ಕೂಟದಲ್ಲಿ ದೊಡ್ಡಮ್ಮ ಎದ್ದು, ಹಿಂದಿನ ವರ್ಷದಷ್ಟೇ ಗಟ್ಟಿ ದನಿಯಲ್ಲಿ, ಅದು ಮನೆಯ ಕೇಕೇ ಆಗಿತ್ತು, ಸುಳ್ಳು ಹೇಳಿದ್ದು ನಾನು ಎಂದರಂತೆ. ಆಮೇಲೆ ಕೂಟ ಎಂದಿನಂತೆ ಮುಂದುವರಿಯಿತಂತೆ.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಎಣಿಸಿದ್ದೆ. ಜನವರಿಯ ಕರ್ತನ ಭೋಜನಕ್ಕೆ ಎಲ್ಲರೂ ಎದ್ದರು. ಕೇಳಬೇಕಾದ್ದನ್ನು ಕೇಳಿಯಾಯಿತು ಎಂದೇನೋ ದೊಡ್ಡಮ್ಮನೂ ಎದ್ದರು, ನನಗೆ ಖುಷಿಯಾಯಿತು. ಆದರೆ ಆವತ್ತು ನಡುವಿನ ಬೆಂಚಿನಲ್ಲಿ ಹೇಮಾ ಆಂಟಿ ಏಳದೆ ತಲೆ ತಗ್ಗಿಸಿ ಕೂತಿದ್ದರು. ವರ್ಷವಿಡೀ ನಗುತ್ತಾ ಹೋಗಿ ತೆಗೆದುಕೊಂಡಿದ್ದವರು, ಸಿಟ್ಟಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಹೋಗಲಾರದೆ ಹೋದರು. ದೊಡ್ಡಮ್ಮ ಸಾಲಿನಲ್ಲಿ ನಡೆಯುತ್ತಾ ಆ ಬೆಂಚಿನ ಬಳಿ ಬಂದರು, ಒಂದು ಕ್ಷಣ ನಿಂತರು. ಮುಂದೆ ಮೇಜಿನ ಮೇಲೆ ರೊಟ್ಟಿ ಇತ್ತು. ಅವರು ಸಾಲು ಬಿಟ್ಟು ಹೋಗಿ ಹೇಮಾ ಆಂಟಿಯ ಪಕ್ಕ ಕೂತರು. ನಾನು ಮುಂದೆ ಹೋಗಿ ನನ್ನ ತುಣುಕನ್ನು ತೆಗೆದುಕೊಂಡೆ, ಅವತ್ತು ಬಿರಿಯಾನಿಯ ಯೋಚನೆ ಬರಲಿಲ್ಲ.

ಅದರ ಮುಂದಿನ ತಿಂಗಳು ಮೊದಲು ಎದ್ದವರು ಹೇಮಾ ಆಂಟಿ. ಎದ್ದು ಕೊನೆಯ ಬೆಂಚಿಗೆ ಬಂದು, "ಬರ್ರಿ ಅಕ್ಕಾರ, ಹೋಗೂಣು" ಎಂದು ಕೈ ಕೊಟ್ಟರು. ಇಬ್ಬರಿಗೂ ಮಂಡಿ ಸರಿಯಿರಲಿಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡು ಎಷ್ಟು ನಿಧಾನವಾಗಿ ನಡೆದರೆಂದರೆ ಹಾಡು ಮುಗಿದು, ಹಾಡುವವರು ಮತ್ತೆ ಮೊದಲಿನಿಂದ ಹಾಡಬೇಕಾಯಿತು. ನಾನು ಅವರ ಹಿಂದೆಯೇ ಇದ್ದೆ. ನನಗೆ ಅಳು ಬಂತು. ದೊಡ್ಡಮ್ಮನ ಪ್ರಕಾರ ಬೇಗ ಅಳುವವರಿಗೆ ಅಂಕ ಕಡಿಮೆ, ಆದರೂ ಬಂತು.

ಆಮೇಲೆ ಅವರು ಕೊನೆಯ ಬೆಂಚಿಗೆ ಮರಳಲಿಲ್ಲ, ಹೇಮಾ ಆಂಟಿಯ ಪಕ್ಕ ಕೂರುತ್ತಿದ್ದರು. ಸ್ಕೂಟರಿನ ಹಿಂದಿನ ಸೀಟಿನಿಂದ ತರಕಾರಿ ರೇಟು, ಮೊಣಕೈ ನೋವು ಕೇಳಿಬರುತ್ತಿತ್ತು. ಯಾರ ಅಂಕವೂ ಕೇಳಿಬರಲಿಲ್ಲ. ಕೊನೆಗೆ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ, ಇನ್ನು ಕೇಳುವುದಕ್ಕೆ ಬೇರೆ ಸಮಯ ಸಿಗಲಿಕ್ಕಿಲ್ಲ ಎಂದು ತಿಳಿದು, ಮಂಚದ ಪಕ್ಕ ಕೂತು ಮತ್ತೆ ಕೇಳಿದೆ. ನಂದು ಹೇಗೆ ದೊಡ್ಡಮ್ಮ ಎಂದು.

ಅವರು ನನ್ನ ಮುಖವನ್ನೇ ನೋಡಿದರು. "ನನಗೆ ಹೇಗೆ ಗೊತ್ತಾಗ್ಬೇಕು? ಚರ್ಚಲ್ಲೂ ನಿನ್ನ ಹಿಂದೆ ಕೂತಿದ್ದೆ, ಸ್ಕೂಟರಲ್ಲೂ ನಿನ್ನ ಹಿಂದೆ ಕೂತಿದ್ದೆ. ನಂಗೆ ಬೆನ್ನು ಕಾಣ್ತಿತ್ತು, ಅಷ್ಟೇ." ಆಮೇಲೆ, ಹೊರಗೆ ಚಳಿ, ಕಿವಿಗೆ ಏನಾದರೂ ಕಟ್ಟಿಕೊಂಡು ಹೋಗು ಎಂದರು. ಆ ವಾರವೇ ತೀರಿಕೊಂಡರು. ಶವಸಂಸ್ಕಾರದಲ್ಲಿ ಪ್ರಾರ್ಥನೆ ಮಾಡಲು ನನ್ನನ್ನೇ ಕರೆದರು. ಅವತ್ತು ನನ್ನ ದನಿ ಕೆಟ್ಟುಹೋಗಿತ್ತು, ಎರಡು ಮಾತು ಆಡಿ ಕೂತೆ. ಅದನ್ನು ಯಾರೂ ಹೊಗಳಲಿಲ್ಲ.

ಇವತ್ತು ಬೇಕರಿಯವರು ಕೂಗಿದ್ದು ನನಗೆ ಸರಿಯಾಗಿ ಕೇಳಿಸಿತು, ಕೇಕು ಸೀಯಲಿಲ್ಲ. ಬಿಸಿ ತಟ್ಟೆಗಳನ್ನು ಬಟ್ಟೆಯಲ್ಲಿ ಹಿಡಿದು ಹೇಮಾ ಆಂಟಿಯ ಮನೆಯ ಮೆಟ್ಟಿಲು ಹತ್ತಿದೆ. ಅವರು ಕೇಕಿನ ಮೇಲೆ ಬೆರಳಿನಿಂದ ಒತ್ತಿ ನೋಡಿ ಪರವಾಗಿಲ್ಲ ಎಂದರು. ಚಹಾ ಕಾಯುತ್ತಿದ್ದಾಗ ಪಾಸ್ಟರ್ ಫೋನ್ ಮಾಡಿದ್ದನ್ನು ಹೇಳಿದೆ. ಸಂಜೆ ಆ ಮಕ್ಕಳ ವಿಶ್ವಾಸ ನಿಜವೋ ಅಲ್ಲವೋ ನೋಡಬೇಕಂತೆ ಎಂದೆ.

"ನೀ ಹೆಂಗ ನೋಡ್ತಿ ತಮ್ಮಾ?" ಎಂದು ಕೇಳಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ ಕೇಳಿದ್ದರು.

ಏನೋ ಪ್ರಶ್ನೆ ಕೇಳುತ್ತೇನೆ ಎಂದು ಹೇಳಲು ಹೊರಟವನು ನಿಂತೆ. ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು. ಯಾವ ದನಿಯಲ್ಲಿ ಹೇಳಬೇಕೆಂದು ಯೋಚಿಸಲು ಸಮಯವಿರಲಿಲ್ಲ. "ಆಂಟಿ, ನಂದೇ ನಿಜವೋ ಅಲ್ಲವೋ ನಂಗೆ ಗೊತ್ತಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ" ಎಂದೆ.

ಹೇಮಾ ಆಂಟಿ ಗ್ಯಾಸ್ ಆರಿಸಿದರು. ನನ್ನ ಕಡೆ ತಿರುಗಿದರು. ನಾವಿಬ್ಬರೂ ಎದುರುಬದುರು ನಿಂತಿದ್ದೆವು.

"ಸದ್ಯ" ಎಂದರು.

ಅದು ಅವರ ಊರಿನ ದನಿಯಲ್ಲ, ದೊಡ್ಡಮ್ಮನ ದನಿ. ನಾನು ಕೂತು, ಬಿಸಿಯಿದ್ದಾಗಲೇ ಕತ್ತರಿಸಿದ್ದರಿಂದ ಪುಡಿಯಾದ ಕೇಕನ್ನು ಅವರ ಜೊತೆ ತಿಂದೆ. ಸಂಜೆ ಆ ಮಕ್ಕಳ ಮುಂದೆ ಕೂರಬೇಕು. ನಂದೇ ನಂಗೆ ಗೊತ್ತಿಲ್ಲ ಎಂಬುದನ್ನು ಮೊದಲು ನಾನೇ ಹೇಳಿಬಿಡೋಣ ಎಂದುಕೊಂಡಿದ್ದೇನೆ.